ಎಣ್ಣಿ ಹೊಡೆದ ಮರುದಿನ

ಕಾಯಿಲೆ ಬಿದ್ದವರನ್ನು ಕಂಡರೆ ರುಕ್ಮವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಥಣಿ ತಾಲೂಕಿನ ಅನಂತಪುರದ ಆ ಮನೆಗೆ ಸೊಸೆಯಾಗಿ ಬಂದ ಮೂವತ್ತು ವರ್ಷಗಳಲ್ಲಿ ಅವಳು ಹಗಲು ಹೊತ್ತು ಹಾಸಿಗೆಗೆ ಬೆನ್ನು ಹಚ್ಚಿದ್ದು ಒಂದೇ ಸಲ, ವಿಶಾಲ ಹುಟ್ಟಿದಾಗ. ಅದೂ ನಾಲ್ಕು ದಿನ. ಐದನೆಯ ದಿನ ಎದ್ದು ಎಮ್ಮೆ ಹಿಂಡಿದ್ದಳು. ಈ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಬಡಿಸುತ್ತಿದ್ದಳು. ತಲೆನೋವು, ಸೊಂಟನೋವು, ಸುಸ್ತು ಇವೆಲ್ಲ ಕೆಲಸಗಳ್ಳರು ಹುಡುಕಿಕೊಂಡ ನೆವ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆದ್ದರಿಂದ ದಸರೆ ಕಳೆದು ಮೂರು ವಾರಕ್ಕೆ, ಕೈತುಂಬ ಕೆಲಸವಿರುವ ಹೊತ್ತಿನಲ್ಲಿ, ಇಪ್ಪತ್ತನಾಲ್ಕು ವರ್ಷದ ಮಗ ಬೆಳಗ್ಗೆ ಒಂಬತ್ತಕ್ಕೆ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಕಂಡು ಅವಳು ಕಾಲಿನಿಂದಲೇ ಚಾಪೆಯ ಅಂಚು ಮಡಚಿದಳು.

"ಏಳಲೇ. ಯಾವೂರ ಜಹಾಗೀರದಾರ ಅಂತ ಮಲಗೀದಿ?"

"ದಮ್ಮ ಹತ್ತತೈತಿ ಯವ್ವಾ. ಹೊಟ್ಟಿ ತೊಳಸಾಕತ್ತೈತಿ. ಕೈಕಾಲಾಗ ಶಕ್ತಿನ ಇಲ್ಲ."

"ಗೆಳ್ಯಾರ ಕೂಡ ಅಥಣಿಗೆ ಹೋಗಿ ವಡಾಪಾವ ತಿನ್ನಾಕ ಶಕ್ತಿ ಇರತೈತಿ. ಪಡಕ್ಕ ಹೋಗು ಅಂದ್ರ ದಮ್ಮ ಹತ್ತತೈತಿ."

ಬಾಗಿಲ ಬಳಿ ಕುಳಿತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದ ಲಗಮಣ್ಣ ಹೆಂಡತಿಯ ಮಾತಿಗೆ ತನ್ನದನ್ನೂ ಸೇರಿಸಿದ. "ಕುಂತ ಮಾಡೋ ಕೆಲಸ. ಟ್ರ್ಯಾಕ್ಟರ್ ಮ್ಯಾಲ ಕುಂಡ್ರಾಕನೂ ಆಗವಲ್ತು ಇವಂಗ. ನಮ್ಮಪ್ಪ ಬೆನ್ನಿಗೆ ಪಂಪ ಕಟಗೊಂಡ ಹೊಡೀತಿದ್ದ."

ವಿಶಾಲ ಎದ್ದು ಕುಳಿತ. ಹಿತ್ತಲಿಗೆ ಹೋಗಿ ವಾಂತಿ ಮಾಡಿದ ಸದ್ದು ಕೇಳಿಸಿತು. ಮುಖ ತೊಳೆದುಕೊಂಡು ಬಂದು ಬೈಕಿನ ಕೀಲಿ ತೆಗೆದುಕೊಂಡು ಹೊರಟ. ಅವನ ಹಿಂದಿನಿಂದ ರುಕ್ಮವ್ವ, "ರಾತ್ರಿ ಏನ ಕುಡದ ಬಂದಿದ್ದಿ ಅದನ್ನರ ಹೇಳಿ ಹೋಗು," ಎಂದಳು. ಅವನು ಕುಡಿಯುವವನಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಅವರಿಗೆ ಆರು ಎಕರೆ ಕಬ್ಬು, ಅದರಾಚೆ ನಾಲ್ಕು ಎಕರೆ ದ್ರಾಕ್ಷಿ ಪಡ. ಕಬ್ಬು ತನ್ನ ಪಾಡಿಗೆ ಬೆಳೆಯುತ್ತದೆ; ದ್ರಾಕ್ಷಿ ಹಾಗಲ್ಲ. ಬಳ್ಳಿ ಸವರಿದ ಮೇಲೆ ಎರಡು ತಿಂಗಳ ತನಕ ಎರಡು ದಿನಕ್ಕೊಮ್ಮೆ, ಮೋಡ ಕವಿದರೆ ದಿನಾಲೂ ಔಷಧ ಹೊಡೆಯಬೇಕು. ಆ ಕಡೆ ಅದಕ್ಕೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ಯಾವ ದಿನ ಯಾವ ಎಣ್ಣಿ ಎಂಬುದನ್ನು ಅಥಣಿಯಲ್ಲಿ ಅಂಗಡಿ ಇಟ್ಟಿದ್ದ ಲಗಮಣ್ಣನ ಗೆಳೆಯ ಕಾಕಾಸಾಹೇಬ ಫೋನಿಗೆ ಕಳಿಸುತ್ತಿದ್ದ. ಈ ವರ್ಷ ಕಾಂಡಕ್ಕೆ ಬಿಳಿ ಹಿಟ್ಟಿನಂಥ ಹುಳ ಹತ್ತಿತ್ತು. ಅದಕ್ಕೆಂದು ಅವನು ಕೊಟ್ಟ ಎಣ್ಣಿಯ ಘಾಟು ಡಬ್ಬಿಯ ಮುಚ್ಚಳ ತೆಗೆದರೆ ಕಬ್ಬಿನ ಹೊಲದ ತನಕ ಬರುತ್ತಿತ್ತು. ವಿಶಾಲ ಅದನ್ನು ಪೀಪಾಯಿಯಲ್ಲಿ ಕಲಸಿ, ಬಾಯಿಗೊಂದು ಟಾವೆಲ್ ಸುತ್ತಿಕೊಂಡು, ತೆರೆದ ಟ್ರ್ಯಾಕ್ಟರಿನಲ್ಲಿ ಕುಳಿತು ಸಾಲುಗಳ ನಡುವೆ ಹೋಗುತ್ತಿದ್ದ. ಹಿಂದಿನ ಬ್ಲೋವರ್ ಎರಡೂ ಕಡೆ ಮಂಜಿನಂತೆ ಉಗುಳುತ್ತಿತ್ತು. ಗಾಳಿ ತಿರುಗಿದರೆ ಆ ಮಂಜು ಅವನ ಮೇಲೇ ಇಳಿಯುತ್ತಿತ್ತು.

ಆ ವಾರವೇ ಸೊಸೆ ಸೀಮಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಸೀಮಾಗೆ ಇಪ್ಪತ್ತೊಂದು. ಸದಲಗಾದ ಹಾಲಿನ ವ್ಯಾಪಾರದ ಮನೆಯ ಹುಡುಗಿ, ಬಂದು ಎಂಟು ತಿಂಗಳಾಗಿತ್ತು. ಸದಲಗಾದವರೆಂದರೆ ಹಾಲಿಗೆ ನೀರು ಹಾಕಿ ದೊಡ್ಡವರಾದವರು ಎಂದು ರುಕ್ಮವ್ವ ಮದುವೆಯ ಮರುದಿನವೇ ಅವಳಿಗೆ ಕೇಳುವಂತೆ ಹೇಳಿದ್ದಳು.

ವಾಂತಿ ಮಾಡಿ ಗೋಡೆ ಹಿಡಿದು ನಿಂತಿದ್ದ ಸೊಸೆಯನ್ನು ನೋಡಿ ರುಕ್ಮವ್ವನ ಮುಖ ಇದ್ದಕ್ಕಿದ್ದಂತೆ ಬೇರೆಯಾಯಿತು.

"ಯಾಕ ಬೇ, ದಮ್ಮ ಹತ್ತತೈತೇನು?"

"ಹೂನ್ರಿ ಅತ್ತಿ. ಎದಿ ಹಿಡದಂಗ ಆಗೇತ್ರಿ."

"ಸುಸ್ತ?"

"ಬಾಳ ಆಗೇತ್ರಿ."

"ಈ ತಿಂಗಳ ಹೊರಗ ಆಗೀಯೇನು?"

ಸೀಮಾ ತಲೆ ತಗ್ಗಿಸಿದಳು. "ಎಂಟ ದಿನ ಮ್ಯಾಲ ಆಗ್ಯಾವ್ರಿ. ಆದ್ರ ನನಗ ಮದಲಿಂದಲೂ ಹಿಂದ ಮುಂದ ಆಗತಿರತೈತಿ—"

"ಸಾಕು. ನೀ ಹೋಗಿ ಕುಂಡ್ರು. ರೊಟ್ಟಿ ನಾ ಬಡೀತೀನಿ."

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಬಗೆಯ ವಾಕರಿಕೆ ನಡೆಯಿತು. ಸೊಸೆಯ ವಾಕರಿಕೆಗೆ ಬದಾಮಿ ಅರೆದ ಹಾಲು, ನಿಂಬೆಹಣ್ಣಿನ ಉಪ್ಪಿನಕಾಯಿ, ಮಧ್ಯಾಹ್ನದ ನಿದ್ದೆ. ಮಗನ ವಾಕರಿಕೆಗೆ ಬೈಗುಳ. ಇಬ್ಬರೂ ಹೆಚ್ಚುಕಡಿಮೆ ಒಂದೇ ದಿನ ಅನ್ನ ಬಿಡುತ್ತಿದ್ದರು. ಇಬ್ಬರೂ ಮೆಟ್ಟಿಲು ಹತ್ತಿ ಬಂದರೆ ಏದುತ್ತಿದ್ದರು. ಸೀಮಾಳ ಬಾಯಲ್ಲಿ ನೀರೂರಿದರೆ ಗಂಡುಮಗುವಿನ ಲಕ್ಷಣ. ವಿಶಾಲನ ಬಾಯಲ್ಲಿ ನೀರೂರಿದರೆ ಗುಟಕಾದ ಚಟ. ರುಕ್ಮವ್ವ ಓಣಿಯ ನಾಲ್ಕು ಮನೆಗೆ ಸುದ್ದಿ ಹೇಳಿ ಬಂದಳು. ಒಂದು ಕೆಲಸ ಮಾತ್ರ ಸೀಮಾಳಿಗೇ ಉಳಿಯಿತು. ಎಣ್ಣಿ ಹೊಡೆದ ದಿನ ವಿಶಾಲ ತೊಟ್ಟ ಅರಬಿಯನ್ನು, ಅಂದರೆ ಬಟ್ಟೆಯನ್ನು, ಅವಳೇ ತೊಳೆಯಬೇಕು. ಮನೆಯಲ್ಲಿ ಬಟ್ಟೆ ತೊಳೆಯುವ ಮಷಿನ್ ಇತ್ತು. ಆದರೆ ಆ ಅರಬಿಯನ್ನು ಅದರಲ್ಲಿ ಹಾಕಿದರೆ ಲಗಮಣ್ಣನ ಬಿಳಿ ಧೋತರಕ್ಕೆ ವಾಸನೆ ಹತ್ತುತ್ತದೆ ಎಂದು ರುಕ್ಮವ್ವನೇ ಬೇಡ ಎಂದಿದ್ದಳು. ಗಂಡನ ಬಟ್ಟೆ ಹೆಂಡತಿ ಒಗೆಯುವುದರಿಂದ ಯಾವ ಬಸುರಿಗೂ ಏನೂ ಆಗಿಲ್ಲ ಎಂಬುದು ಅವಳ ಮಾತು.

ವಿಶಾಲನನ್ನು ಊರಿನ ಡಾಕ್ಟರ ಹತ್ತಿರ ಕಳಿಸಿದ್ದಾಯಿತು. ಪಿತ್ತ, ಗ್ಯಾಸು ಎಂದು ಒಂದು ಸಲಾಯಿನ್ ಹಚ್ಚಿ ಕಳಿಸಿದರು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಅಷ್ಟರಲ್ಲಿ ಟ್ರ್ಯಾಕ್ಟರಿನ ಕ್ಲಚ್ ಕೆಟ್ಟು ಅದು ಎಂಟು ದಿನ ಗ್ಯಾರೇಜು ಸೇರಿತು. ಅದೇ ವಾರ ಪುರುಸೊತ್ತಾಗಿ ಅವನು ಅಥಣಿಗೆ ಹೋಗಿ ಎದೆಯ ಪಟ್ಟಿ, ಅಂದರೆ ಇಸಿಜಿ, ತೆಗೆಸಿದ, ಎಕ್ಸರೇ ತೆಗೆಸಿದ, ರಕ್ತ ಕೊಟ್ಟ. ಎಲ್ಲವೂ ಸರಿಯಾಗಿತ್ತು. ಸಕ್ಕರೆ ಇಲ್ಲ, ರಕ್ತ ಕಡಿಮೆಯಿಲ್ಲ, ಹೃದಯ ಗಟ್ಟಿ. ಅವನಿಗೂ ಹುಷಾರೆನಿಸಿತ್ತು. ಆ ರಾತ್ರಿ ನಾಲ್ಕು ರೊಟ್ಟಿ ತಿಂದ.

ಲಗಮಣ್ಣ ವರದಿಯ ಹಾಳೆಗಳನ್ನು ಮಗನ ತಾಟಿನ ಪಕ್ಕಕ್ಕೆ ಇಟ್ಟ. "ನೋಡ ರುಕ್ಮಿ. ಟ್ರ್ಯಾಕ್ಟರ್ ಮನ್ಯಾಗ ಇಲ್ಲ, ಇವನ ರೋಗಾನೂ ಇಲ್ಲ. ಟ್ರ್ಯಾಕ್ಟರ್ ಬರಲಿ, ಅದರ ಹಿಂದ ರೋಗ ಬರತೈತಿ."

"ಬರದ ಏನ್ಮಾಡತೈತಿ," ಎಂದಳು ರುಕ್ಮವ್ವ. "ಕೆಲಸದ ಕೂಡ ಬರೋ ರೋಗಕ್ಕ ಯಾವ ಡಾಕ್ಟರ ಔಷಧ ಕೊಡತಾನ?"

ವಿಶಾಲ ಐದನೆಯ ರೊಟ್ಟಿಯನ್ನು ಬುಟ್ಟಿಗೆ ತಿರುಗಿ ಹಾಕಿ ಎದ್ದ. ಸೀಮಾ ಮಾತ್ರ ಮಾವ ಹೇಳಿದ ಮಾತನ್ನು ಮನಸ್ಸಿನಲ್ಲಿ ಹಿಡಿದುಕೊಂಡು ತಾಟುಗಳನ್ನು ಎತ್ತಿದಳು.

ಅದಾಗಿ ಮೂರನೆಯ ದಿನ ಬೆಳಗ್ಗೆ ಅವಳು ಹೊರಗಾದಳು. ಬದಾಮಿ ಹಾಲು ಕಾಯಿಸಿ ತಂದಿದ್ದ ರುಕ್ಮವ್ವ ಸುದ್ದಿ ಕೇಳಿ ಬಾಗಿಲಲ್ಲೇ ನಿಂತು, ಆ ಹಾಲನ್ನು ಹಿತ್ತಲಿಗೆ ಒಯ್ದು ನಾಯಿಯ ಬಟ್ಟಲಿಗೆ ಸುರಿದಳು.

"ತಿಂಗಳ ಗಟ್ಟಲೆ ಹಾಸಿಗ್ಯಾಗ ಕುಂತ ನನ್ನ ಕಡೆ ಕೆಲಸ ಮಾಡಿಸ್ಕೊಂಡಿ. ನಾ ಓಣಿ ತುಂಬ ಹೇಳಕೊಂಡ ಬಂದೀನಿ. ಈಗ ಮಂದಿಗೆ ಏನಂತ ಹೇಳ್ಲಿ, ನನ್ನ ಸೊಸಿ ನಾಟಕದಾಕಿ ಅಂತ ಹೇಳ್ಲ್ಯಾ?"

"ನಾ ಬಸರಿ ಅದೀನಿ ಅಂತ ಒಮ್ಮಿನೂ ಅಂದಿಲ್ರಿ ಅತ್ತಿ."

"ಅಲ್ಲ ಅಂತರ ಎಲ್ಲಿ ಅಂದಿ? ಹಾಲ ಕುಡಿಯೂ ಮುಂದ ಬಾಯಿ ಇದ್ದಿದ್ದಿಲ್ಲೇನು?"

ಎಂಟು ತಿಂಗಳಲ್ಲಿ ಮೊದಲ ಸಲ ಅತ್ತೆ ಸೀಮಾಳನ್ನು ಮನುಷ್ಯಳಂತೆ ನೋಡಿದ್ದಳು. ಅದನ್ನು ಕೆಡಿಸಲು ಮನಸ್ಸು ಬಂದಿರಲಿಲ್ಲ.

ಟ್ರ್ಯಾಕ್ಟರ್ ಗ್ಯಾರೇಜಿನಿಂದ ಬಂತು. ಲಗಮಣ್ಣ ಹೇಳಿದಂತೆ ವಿಶಾಲನ ಕಾಯಿಲೆಯೂ ಬಂತು. ಮರುದಿನ ಅರಬಿ ನೆನೆಹಾಕಿ ತೊಳೆಯಲು ಕುಳಿತ ಸೀಮಾಳದೂ ಬಂತು. ಅವಳು ಒದ್ದೆ ಕೈಯಲ್ಲೇ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಟ್ರ್ಯಾಕ್ಟರ್ ಇಲ್ಲದ ವಾರ ನನಗೂ ಏನೂ ಆಗಿಲ್ಲ. ಅವರಿಗೆ ಎಣ್ಣಿ ಹೊಡದ ದಿನ ಆಗತೈತಿ, ನನಗ ಅರಬಿ ತೊಳದ ಮ್ಯಾಲ ಆಗತೈತಿ. ಇದು ಎಣ್ಣಿದ ಆಗೇತ್ರಿ."

ರುಕ್ಮವ್ವ ಬೇಳೆಯ ಪಲ್ಯ ತಿರುವುತ್ತಿದ್ದ ಚಮಚವನ್ನು ಕೆಳಗಿಟ್ಟಳು. "ಅಥಣಿ ಡಾಕ್ಟರಗೆ ತಿಳೀಲಿಲ್ಲ, ಮಷಿನಕ್ಕ ತಿಳೀಲಿಲ್ಲ, ನಿನಗ ತಿಳೀತು. ಸದಲಗಾದಾಗ ಹಾಲಿಗೆ ನೀರ ಹಾಕೂದ ಅಷ್ಟ ಕಲಿಸ್ತಾರ ಅಂತ ತಿಳಕೊಂಡಿದ್ನಿ. ಡಾಕ್ಟರಕಿನೂ ಕಲಿಸ್ತಾರೇನು?"

"ಅಥಣಿಗೆ ಹೋದಾಗ ಅವರು ನಾಲ್ಕೈದ ದಿನದಿಂದ ಎಣ್ಣಿ ಹೊಡದಿದ್ದಿಲ್ರಿ."

"ಸುತ್ತ ಹತ್ತ ಹಳ್ಯಾಗ ಎಣ್ಣಿ ಹೊಡೀತಾರ. ಎಲ್ಲಾರ ಮನ್ಯಾಗ ಹೆಂಗಸರು ಅರಬಿ ತೊಳೀತಾರ. ಅವರ್ಯಾರೂ ಸತ್ತಿಲ್ಲ. ಎಲ್ಲಿ ಅದಾವ ಅರಬಿ? ಎರಡ ಅಂಗಿ, ಒಂದ ಪ್ಯಾಂಟು. ತೊಳಿಯೂದ ಅಂದ್ರ ಹೆಂಗ ಅಂತ ತೋರಸ್ತೀನಿ ನಡಿ."

ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ರುಕ್ಮವ್ವ ಸೀರೆ ಎತ್ತಿ ಕಟ್ಟಿ ಕುಳಿತಳು. ನೆನೆಹಾಕಿದ್ದ ಅಂಗಿ ಎತ್ತಿದೊಡನೆ ಮೂಗಿಗೆ ಘಾಟು ಬಡಿಯಿತು. ಸೊಸೆ ನೋಡುತ್ತಿದ್ದಾಳೆಂದು ಮುಖ ತಿರುಗಿಸಲಿಲ್ಲ. ಸಾಬೂನು ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ಕಲ್ಲಿಗೆ ಬಡಿದು, ಮೂರು ನೀರಿನಲ್ಲಿ ಹಿಂಡಿದಳು. ನೊರೆ ಮೊಣಕೈ ತನಕ ಹತ್ತಿತು, ಸೀರೆ ಮೊಣಕಾಲಿನ ತನಕ ತೊಯ್ದು ಮೈಗೆ ಅಂಟಿತು. ಹಗ್ಗದ ಮೇಲೆ ಹರವಿ, "ಸತ್ತೆ ಏನ ನಾ?" ಎಂದು ಕೇಳಿ ಒಳಗೆ ಹೋದಳು.

ಎರಡು ತಾಸಿನ ಮೇಲೆ ಅವಳು ಶೇಂಗಾ ಆರಿಸುತ್ತ ಕುಳಿತಿದ್ದಾಗ ಬಾಯಲ್ಲಿ ನೀರು ತುಂಬಿತು. ನುಂಗಿದಳು, ಮತ್ತೆ ತುಂಬಿತು. ಮೊರದಲ್ಲಿನ ಕಾಳು ಎರಡೆರಡಾಗಿ ಕಾಣತೊಡಗಿದವು. ಎದೆಯ ಮೇಲೆ ಯಾರೋ ಮೂಟೆ ಇಟ್ಟಂತಾಗಿ ಉಸಿರು ಅರ್ಧಕ್ಕೇ ನಿಂತಿತು. ಎದ್ದು ಕೊಟ್ಟಿಗೆಯ ಹಿಂದೆ ಹೋದಳು. ಎಮ್ಮೆಯ ಗೂಟ ಹಿಡಿದು ವಾಂತಿ ಮಾಡಿದಳು. ಮತ್ತೊಮ್ಮೆ ಮಾಡಿದಳು. ಆಮೇಲೆ ಸುತ್ತ ನೋಡಿ ಬೂದಿ ತಂದು ಅದರ ಮೇಲೆ ಸುರಿದು ಕಾಲಿನಿಂದ ಒರಸಿದಳು.

ರಾತ್ರಿ ತಾಟಿಗೆ ಕೂರಲಿಲ್ಲ. "ಇವತ್ತ ಗುರುವಾರ, ಒಪ್ಪೊತ್ತು," ಎಂದಳು. ಅವಳು ಎಂದೂ ಗುರುವಾರದ ಒಪ್ಪೊತ್ತು ಮಾಡಿದವಳಲ್ಲ. ಲಗಮಣ್ಣ ಗಮನಿಸಲಿಲ್ಲ, ಅವನು ತನ್ನ ತಾಟು ಬಿಟ್ಟು ಬೇರೆಯವರ ತಾಟನ್ನು ಗಮನಿಸಿದ್ದು ಕಡಿಮೆ. ಸೀಮಾ ಅತ್ತೆಯ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದಳು.

"ಏನ ನೋಡತೀ? ನಿಮ್ಮಂಗ ಅಲ್ಲ ನಾನು," ಎಂದಳು ರುಕ್ಮವ್ವ.

ಮರುದಿನ ಮೈ ಹಗುರಾಯಿತು. ತನಗೆ ಏನಾಯಿತೆಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೇಳಬೇಕೆಂದರೆ ಮೊದಲು ಒಂದು ತಿಂಗಳು ತಾನು ಆಡಿದ್ದೆಲ್ಲ ಸುಳ್ಳೆಂದು ಒಪ್ಪಬೇಕು, ಅದೂ ಸದಲಗಾದ ಹುಡುಗಿಯ ಮುಂದೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ರಾತ್ರಿ ಮಲಗುವಾಗಲೂ ಅದನ್ನೇ ಅಂದುಕೊಂಡಳು.

ಶನಿವಾರ ಬೆಳಗ್ಗೆ ಮೋಡ ಕವಿದಿತ್ತು. ಕಾಕಾಸಾಹೇಬನ ಸಂದೇಶ ಆರಕ್ಕೇ ಬಂದಿತ್ತು: ಇವತ್ತು ಎರಡು ಎಣ್ಣಿ ಕೂಡಿಸಿ ಹೊಡೆಯಬೇಕು. ವಿಶಾಲ ಚಹಾ ಕುಡಿದು ಲೋಟ ಕೆಳಗಿಟ್ಟ.

"ಅಪ್ಪಾ, ನಾ ಇವತ್ತ ಹೊಡಿಯೂದಿಲ್ಲ. ಕಣ್ಣ ಮಂಜ ಮಂಜ ಆಗ್ಯಾವ."

"ನೀ ಹೊಡೀಲಿಲ್ಲ ಅಂದ್ರ ರೋಗ ನಿಂದರತೈತೇನು? ನಾಲ್ಕ ಎಕರೆ ಗೊನಿ ಉದುರಿ ಬೀಳ್ತಾವ. ಗಂಡಸ ಹೌದೋ ಅಲ್ಲೋ ನೀ?"

ವಿಶಾಲ ತಾಯಿಯ ಕಡೆ ನೋಡಿದ. ಎರಡು ಗಳಿಗೆ ನೋಡಿದ. ರುಕ್ಮವ್ವ ಬಾಯಿ ತೆರೆದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಗಿಲಲ್ಲಿ ಸೀಮಾ ನಿಂತಿದ್ದಳು, ಏನು ಹೇಳುತ್ತಾಳೋ ಎಂದು ಕಾಯುತ್ತ. ರುಕ್ಮವ್ವನ ಬಾಯಿಂದ ಬಂದದ್ದು ಬೇರೆ.

"ಹೆಂಡ್ತಿ ಕೈಯಾನ ಬಳಿ ಇಸಕೊಂಡ ಹಾಕ್ಕೊ. ಮನ್ಯಾಗ ಕುಂಡ್ರು. ಪಡಕ್ಕ ನಾ ಹೋಗ್ತೀನಿ."

ವಿಶಾಲ ಟಾವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಹನ್ನೊಂದೂವರೆಗೆ ಪಡದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕೆ ಬರುತ್ತಿದ್ದ ಸತ್ತೆಪ್ಪ ಬರಿಗಾಲಲ್ಲಿ ಓಡಿ ಬಂದ. ಟ್ರ್ಯಾಕ್ಟರ್ ಸಾಲು ಬಿಟ್ಟು ಕಲ್ಲುಕಂಬಕ್ಕೆ ಗುದ್ದಿ ನಿಂತಿದೆ, ವಿಶಾಲ ಕೆಳಗೆ ಬಿದ್ದಿದ್ದಾನೆ, ಬಾಯಲ್ಲಿ ನೊರೆ ಬರುತ್ತಿದೆ. ತಾನು ಆಚೆ ತುದಿಯಲ್ಲಿದ್ದೆ, ಗುದ್ದಿದ ಸದ್ದು ಕೇಳಿ ಬಂದು ನೋಡಿದೆ ಎಂದ. ಅವನಿಗೆ ಗೊತ್ತಿದ್ದದ್ದು ಇಷ್ಟೇ.

ಅಥಣಿಯಲ್ಲಿ ನೋಡಿದವರು ಸೂಜಿ ಚುಚ್ಚಿ, ತಡಮಾಡದೆ ಮೀರಜಕ್ಕೆ ಒಯ್ಯಿರಿ ಎಂದರು. ಮೀರಜದ ದವಾಖಾನೆಯಲ್ಲಿ ಡಾಕ್ಟರು ಅವನ ಕಣ್ಣಿಗೆ ದೀಪ ಹಿಡಿದು ನೋಡಿದರು. ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಹಾಸಿಗೆಯನ್ನು ಒಳಗೆ ತಳ್ಳುತ್ತಲೇ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕುಡಿದಿದ್ದಾನೆ?"

"ಕುಡ್ಯಾಕ ಏನ್ರಿ?" ಎಂದ ಲಗಮಣ್ಣ.

"ಬೆಳೆಗೆ ಹೊಡೆಯುವ ಔಷಧ."

ಆ ಮಾತು ಬಿದ್ದ ಮೇಲೆ ಲಗಮಣ್ಣ ಬೇರೆ ಮನುಷ್ಯನಾದ. ಮಗ ಬದುಕುತ್ತಾನೋ ಇಲ್ಲವೋ ಎಂಬ ಹೆದರಿಕೆಯ ಪಕ್ಕದಲ್ಲೇ ಊರಿಗೆ ಏನು ಮುಖ ತೋರಿಸಲಿ ಎಂಬ ಹೆದರಿಕೆಯೂ ಬಂದು ಕುಳಿತುಕೊಂಡಿತು. ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದ ಸೊಸೆಯ ಮುಂದೆ ಹೋಗಿ ನಿಂತ.

"ಏನಂದಿ ಅವಂಗ? ರಾತ್ರಿ ಏನ ಜಗಳಾಡಿದ್ದಿ?"

"ನಾ ಏನೂ ಅಂದಿಲ್ರಿ ಮಾವ."

"ಏನೂ ಅನ್ನದ ಹುಡುಗ ಎಣ್ಣಿ ಕುಡೀತಾನೇನು?"

ಸುದ್ದಿ ತಿಳಿದು ಸೀಮಾಳ ತಂದೆ ರಾಜಾರಾಮ ಸದಲಗಾದಿಂದ ಬಂದ. ಅಷ್ಟರಲ್ಲಿ ದವಾಖಾನೆಯ ಪೊಲೀಸ್ ಚೌಕಿಯಿಂದ ಒಬ್ಬ ಹವಾಲದಾರನೂ ಕಾಗದ, ಪೆನ್ನು ಹಿಡಿದು ಬಂದ. ವಿಷದ ಕೇಸು ಬಂದರೆ ಬರೆದುಕೊಳ್ಳಲೇಬೇಕು ಎಂದ. ಮನೆಯಲ್ಲಿ ಜಗಳವಾಗಿತ್ತೇ ಎಂದು ಮರಾಠಿಯಲ್ಲಿ ಕೇಳಿದ: "ಘರಾತ್ ಭಾಂಡಣ ಝಾಲಂ ಹೋತಂ ಕಾ?"

ಲಗಮಣ್ಣ ಕೆಮ್ಮಿದ. ಸೊಸೆಯ ಕಡೆ ನೋಡದೆ, ಗಂಡ ಹೆಂಡತಿಗೆ ಅಷ್ಟು ಸರಿ ಇರಲಿಲ್ಲ ಎಂದ. ಹುಡುಗಿ ಬಸುರಿ ಎಂದು ಸುಳ್ಳು ಹೇಳಿದ್ದಳು, ಅದು ಹುಡುಗನ ಮನಸ್ಸಿಗೆ ನಟ್ಟಿರಬೇಕು ಎಂದ. ಹವಾಲದಾರ ಬರೆದುಕೊಳ್ಳತೊಡಗಿದ. ರಾಜಾರಾಮ ಏನೋ ಹೇಳಲು ಮುಂದೆ ಬಂದವನು ಮಗಳ ಮುಖ ನೋಡಿ ನಿಂತ. ಸೀಮಾ ಮಾವನನ್ನು ನೋಡುತ್ತಿರಲಿಲ್ಲ. ಅವಳು ರುಕ್ಮವ್ವನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಇಂಥವರಿಂದ ಇನ್ನೇನು ಬಂದೀತು ಎಂಬ ತಾತ್ಸಾರವಿತ್ತು. ಇಷ್ಟು ವರ್ಷ ಬೇರೆಯವರನ್ನು ತಾನು ಹೇಗೆ ನೋಡುತ್ತಿದ್ದಳೋ ಹಾಗೆ ತನ್ನನ್ನು ಯಾರಾದರೂ ನೋಡಿದ್ದು ರುಕ್ಮವ್ವನಿಗೆ ಅದೇ ಮೊದಲು.

ಅವಳು ಎದ್ದು ಬಂದು ಹವಾಲದಾರನ ಕಾಗದದ ಮೇಲೆ ಕೈ ಇಟ್ಟಳು.

"ಅದನ್ನ ಬರೀಬ್ಯಾಡ್ರಿ ಸಾಹೇಬ್ರ."

"ನೀ ಸುಮ್ನ ಕುಂಡ್ರ ಬೇ," ಎಂದ ಲಗಮಣ್ಣ.

"ಮೂವತ್ತ ವರ್ಷ ನೀವ ಕುಂತೀರಿ, ನಾ ನಿಂತೀನಿ. ಈಗ ನೀವು ಸುಮ್ನಿರ್ರಿ." ಅವಳು ಹವಾಲದಾರನ ಕಡೆ ತಿರುಗಿದಳು. "ನನ್ನ ಮಗ ಕುಡದಿಲ್ರಿ. ಒಂದ ತಿಂಗಳಿಂದ ದಮ್ಮ ಹತ್ತತೈತಿ, ವಾಂತಿ ಆಗತೈತಿ ಅನ್ನಾಕತ್ತಿದ್ದ. ನಾ ಕೆಲಸಗಳ್ಳ ಅಂದೆ. ಈ ಹುಡುಗಿ ಅವನ ಅರಬಿ ತೊಳದ ದಿನ ಹಂಗ ಆಗತಿತ್ತು. ಬಸರಿ ಆಗ್ಯಾಳ ಅಂತ ನಾನ ಊರಿಗೆ ಸಾರಿದೆ. ಈಕಿ ಸುಳ್ಳ ಹೇಳಿಲ್ಲ. ಎಣ್ಣಿದ ಆಗಾಕತ್ತೈತಿ ಅಂತ ಈಕಿ ಹೇಳಿದ್ಲು, ನಾ ಬೈದೆ."

"ಅದು ನಿಮಗ ಹೆಂಗ ಗೊತ್ತ?" ಹವಾಲದಾರನಿಗೂ ಕನ್ನಡ ಬರುತ್ತಿತ್ತು.

"ಗುರುವಾರ ನಾ ಆ ಅರಬಿ ತೊಳದೆ. ಎರಡ ತಾಸಿಗೆ ನನ್ನ ಕಣ್ಣ ಮಂಜಾದವು, ದಮ್ಮ ಹತ್ತಿತು, ಕೊಟ್ಟಗಿ ಹಿಂದ ಹೋಗಿ ಕಾರ್ಕೊಂಡೆ. ಮ್ಯಾಲ ಬೂದಿ ಹಾಕಿ ಮುಚ್ಚಿ ಬಂದೆ. ಇವತ್ತ ಮುಂಜಾನಿ ಅವ ಹೋಗೂದಿಲ್ಲ ಅಂದ. ಬಳಿ ಹಾಕ್ಕೊ ಅಂತ ನಾನ ಕಳಿಸೀನಿ." ಧ್ವನಿ ಏರಲಿಲ್ಲ, ನಡುಗಲೂ ಇಲ್ಲ. "ಬರ್ಕೊರಿ. ಅವ ಕುಡದಾನ ಅಂತೀರಲ್ಲ, ಹಂಗಾರ ನಾನೂ ಕುಡದೀನೇನ್ರಿ?"

ಹವಾಲದಾರ ಬರೆದದ್ದರ ಮೇಲೆ ಗೆರೆ ಎಳೆದ. ಒಳಗಿನಿಂದ ಬಂದ ಡಾಕ್ಟರು ಕೊನೆಯ ಮಾತುಗಳನ್ನು ಕೇಳಿಸಿಕೊಂಡಿದ್ದರು. ಅತ್ತೆ ಸೊಸೆ ಇಬ್ಬರನ್ನೂ ಒಳಗೆ ಕರೆದು ರಕ್ತ ತೆಗೆಸಿದರು. ಮರುದಿನ ಸಂಜೆ ಫಲಿತಾಂಶ ಬಂತು. ಈ ಎಣ್ಣಿ ನರಗಳ ಮೇಲೆ ಕೆಲಸ ಮಾಡುತ್ತದೆ, ಅದು ಮೈಗೆ ಸೇರಿದರೆ ರಕ್ತದಲ್ಲಿನ ಒಂದು ಅಂಶ ಇಳಿಯುತ್ತದೆ ಎಂದು ವಿವರಿಸಿದರು. ಸೀಮಾಳದು ಅರ್ಧಕ್ಕೆ ಇಳಿದಿತ್ತು. ರುಕ್ಮವ್ವನದೂ ಇಳಿದಿತ್ತು. ಎದೆಯ ಪಟ್ಟಿಯಲ್ಲಿ, ಎಕ್ಸರೇಯಲ್ಲಿ ಇದು ಕಾಣುವುದಿಲ್ಲ, ಇದನ್ನೇ ಹುಡುಕಿ ನೋಡಬೇಕು, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ ಎಂದರು.

ನಾಲ್ಕನೆಯ ದಿನ ವಿಶಾಲನಿಗೆ ಮಾತಾಡುವಷ್ಟು ಎಚ್ಚರ ಬಂತು. ಬ್ಲೋವರಿನ ಪೈಪು ಬಿಚ್ಚಿಕೊಂಡು ಎಣ್ಣಿ ಮೈಮೇಲೆ ಬಂದಿತ್ತು, ಅಂಗಿ ತೊಯ್ದಿತ್ತು, ಮನೆಗೆ ಬಂದರೆ ಮತ್ತೆ ಬೈಗುಳ ಎಂದು ಹಾಗೇ ಅರ್ಧ ತಾಸು ಹೊಡೆದೆ ಎಂದ. ಹಾಸಿಗೆಯ ಬಳಿ ನಿಂತಿದ್ದ ರುಕ್ಮವ್ವ ಕೇಳಿಸಿಕೊಂಡಳು. ಅವಳಿಗೆ ತಪ್ಪಾಯಿತು ಎಂದು ಹೇಳಿ ಗೊತ್ತಿರಲಿಲ್ಲ. ಅವತ್ತೂ ಹೇಳಲಿಲ್ಲ. ಗಂಜಿಯ ಬಟ್ಟಲು ಸೀಮಾಳ ಕೈಗೆ ಕೊಟ್ಟು ಹೊರಗೆ ಹೋಗಿ ವರಾಂಡದ ನಳದ ಕೆಳಗೆ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಹನ್ನೆರಡನೆಯ ದಿನ ಮನೆಗೆ ಬಂದರು. ಮೂರು ತಿಂಗಳು ಎಣ್ಣಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ವಿಶಾಲನಿಗೆ ಹೇಳಿ ಕಳಿಸಿದ್ದರು; ಯಾರೇ ಹೊಡೆದರೂ ಮೈಮುಚ್ಚುವ ಕೋಟು, ಮುಖವಾಡ, ಕೈಗವಸು ಬೇಕೇ ಬೇಕು ಎಂದಿದ್ದರು. ಮರುದಿನ ಕಾಕಾಸಾಹೇಬ ಸೇಬುಹಣ್ಣಿನ ಚೀಲ ಹಿಡಿದು ನೋಡಲು ಬಂದ. ಚಹಾಕ್ಕೆ ಕಾಯುತ್ತ ಕಾಲ ಮೇಲೆ ಕಾಲು ಹಾಕಿ ಕುಳಿತ.

"ಎಣ್ಣಿದ ಏನೂ ತಪ್ಪಿಲ್ಲ ವೈನಿ. ಇಡೀ ತಾಲೂಕಿಗೆ ಇದನ್ನ ಕೊಡತೀನಿ. ಈಗಿನ ಹುಡುಗರಿಗೆ ತಾಕತ್ತ ಇಲ್ಲ. ನಿಮ್ಮ ಕಾಲದ ಮಂದಿ ಗಟ್ಟಿ."

"ಗಟ್ಟಿ ಅದೀರಿ ಹೌದಲ್ರಿ ನೀವು?" ಎಂದಳು ರುಕ್ಮವ್ವ. "ಡಬ್ಬಿ ಹಿತ್ತಲದಾಗ ಐತಿ. ಒಂದ ಬಕೇಟಿನ್ಯಾಗ ಕಲಸಿ ಕೊಡತೀನಿ. ನಿಮ್ಮ ಈ ಬಿಳಿ ಅಂಗಿ ಅದರಾಗ ಅದ್ದಿ, ನಿಮ್ಮ ಕೈಲೆ ಹಿಂಡಿ, ಮೈಮ್ಯಾಲ ಹಾಕ್ಕೊಂಡ ಹೋಗ್ರಿ. ಸಂಜಿಗೆ ಫೋನ್ ಮಾಡಿ ಹೆಂಗ ಅದೀರಿ ಅಂತ ಕೇಳತೀನಿ."

ಕಾಕಾಸಾಹೇಬ ನಕ್ಕ. ಬೇರೆ ಯಾರೂ ನಗಲಿಲ್ಲ. ಚಹಾ ಬರುವ ಮೊದಲೇ ಅವನಿಗೆ ಅಂಗಡಿಯ ಕೆಲಸ ನೆನಪಾಯಿತು.

ಎರಡು ದಿನದ ಮೇಲೆ ಬೆಳಗ್ಗೆ ಲಗಮಣ್ಣ ಸತ್ತೆಪ್ಪನನ್ನು ಅಂಗಳಕ್ಕೆ ಕರೆತಂದ. ಸತ್ತೆಪ್ಪ ಇಪ್ಪತ್ತಾರರ ಹುಡುಗ, ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು. ಕೊರಳಲ್ಲಿ ಟಾವೆಲ್ ಇತ್ತು.

"ಕೀಲಿ ಕೊಡ," ಎಂದ ಲಗಮಣ್ಣ ಹೆಂಡತಿಗೆ. "ಹದಿನೈದ ದಿನ ಆತು, ಪಡಕ್ಕ ರೋಗ ಹತ್ತೇತಿ. ಇನ್ನ ಮ್ಯಾಲ ಸತ್ತೆಪ್ಪ ಹೊಡೀತಾನ."

"ಡಾಕ್ಟರ ಹೇಳಿದ ಕೋಟು, ಮುಖಕ್ಕ ಹಾಕ್ಕೊಳ್ಳೂದು, ಕೈಗವಸ ತಂದೀರೇನು?"

"ಇವಂಗ್ಯಾಕ ಅದೆಲ್ಲ? ದುಡಿದ ಮೈ. ರೂಢಿ ಐತಿ."

ರುಕ್ಮವ್ವ ಗಂಡನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಇಸ್ತ್ರಿ ಮಾಡಿದ ಧೋತರ, ಎಣ್ಣೆ ಹಚ್ಚಿ ಬಾಚಿದ ಕೂದಲು. ದವಾಖಾನೆಯಿಂದ ಬಂದ ದಿನದಿಂದ ಟ್ರ್ಯಾಕ್ಟರಿನ ಕೀಲಿಯನ್ನು ಅವಳು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದಳು. ಅದನ್ನು ತೆಗೆದು ಅವನ ಮುಂದೆ ಹಿಡಿದಳು.

"ತಗೋರಿ. ನಿಮ್ಮ ಪಡ ಐತಿ. ಕುಂತ ಮಾಡೋ ಕೆಲಸ. ನೀವ ಹೋಗಿ ಹೊಡೀರಿ. ಸಂಜಿಗೆ ಬಂದ ಆ ಅರಬಿನೂ ನೀವ ತೊಳೀರಿ. ಕಲ್ಲ ಹಿತ್ತಲದಾಗ ಐತಿ."

ಸೀಮಾ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಒಳಗೆ ಚಾಪೆಯ ಮೇಲಿದ್ದ ವಿಶಾಲ ಎದ್ದು ಕುಳಿತ. ಲಗಮಣ್ಣ ಕೀಲಿ ಕಿತ್ತುಕೊಂಡು ಟ್ರ್ಯಾಕ್ಟರಿನ ಹತ್ತಿರ ಹೋದ. ಧೋತರ ಎತ್ತಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಹಿಂದೆ ಬ್ಲೋವರಿನ ಟಾಕಿಯಿಂದ ಹಳೆಯ ಘಾಟು ಇನ್ನೂ ಬರುತ್ತಿತ್ತು. ಅವನು ಅಂಗೈಯಿಂದ ಮೂಗು ಮುಚ್ಚಿಕೊಂಡ. ಮನೆಯವರೆಲ್ಲ ನೋಡುತ್ತಿದ್ದರು, ಸತ್ತೆಪ್ಪನೂ ನೋಡುತ್ತಿದ್ದ. ಲಗಮಣ್ಣ ಕಾಲು ಕೆಳಗಿಳಿಸಿದ.

"ಸಾಂಗ್ಲಿಯೊಳಗ ಸಿಗತಾವಂತ ಆ ಕೋಟು," ಎಂದು ಯಾರ ಮುಖವನ್ನೂ ನೋಡದೆ ಹೇಳಿದ. "ಬಸ್ಸ ಎಷ್ಟಕ್ಕ ಐತಿ?"

"ಒಂಬತ್ತಕ್ಕ ಐತ್ರಿ ಮಾವ," ಎಂದಳು ಸೀಮಾ.

ರುಕ್ಮವ್ವ ಸತ್ತೆಪ್ಪನಿಗೆ ಕಟ್ಟೆಯ ಮೇಲೆ ಕೂರಲು ಹೇಳಿ, ರೊಟ್ಟಿ ತರಲು ಒಳಗೆ ಹೋದಳು.